ಒದೆತ ಇಳಿಯಿತು, ಕಿವಿಗೆ ಏಟು ಬಿತ್ತು

ಪ್ರಶ್ನೆ: ಗೆಳೆಯನೊಬ್ಬ ರೈಫಲ್ ನಳಿಗೆಯ ತುದಿಗೆ ಮಝಲ್ ಬ್ರೇಕ್ ಹಾಕಿಸಿದ್ದಾನೆ. ಪಕ್ಕದಲ್ಲಿ ನಿಂತರೆ ಸದ್ದು ಮೊದಲಿಗಿಂತ ಜಾಸ್ತಿ ಅನ್ನಿಸುತ್ತದೆ. ಆದರೆ ಆ ಕಡೆ, ಗುಂಡು ಎಲ್ಲಿ ಬಿತ್ತೆಂದು ನೋಡಿ ಹೇಳಲು ಗುರಿಹಲಗೆಯ ಕೆಳಗಿನ ಗುಂಡಿಯಲ್ಲಿ ಕೂರುವವರು ಏನೂ ವ್ಯತ್ಯಾಸವಿಲ್ಲ ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ಇಬ್ಬರದ್ದೂ ಸರಿ. ನೀವು ನಿಂತ ಜಾಗ ಬೇರೆ, ಅವರು ಕೂತ ಜಾಗ ಬೇರೆ.

ಗುಂಡು ನಳಿಗೆ ಬಿಟ್ಟ ಕೂಡಲೇ ಉರಿದ ಮದ್ದಿನ ಅನಿಲ ಅದರ ಬೆನ್ನಿಗೇ ನುಗ್ಗಿ ಬರುತ್ತದೆ. ಬರೀ ನಳಿಗೆಯಾದರೆ ಅನಿಲ ಮುಂದಕ್ಕೆ ಹೋಗುತ್ತದೆ, ಸದ್ದಿನ ದೊಡ್ಡ ಪಾಲೂ ಮುಂದಕ್ಕೇ. ಮಝಲ್ ಬ್ರೇಕ್ ಎಂದರೆ ಪಕ್ಕದಲ್ಲಿ ಕಿಂಡಿಗಳಿರುವ ಗಿಡ್ಡ ಕೊಳವೆ. ಅನಿಲ ಆ ಕಿಂಡಿಗಳ ಗೋಡೆಗೆ ಬಡಿದು ರೈಫಲನ್ನು ಮುಂದಕ್ಕೆ ತಳ್ಳುತ್ತದೆ. ಭುಜಕ್ಕೆ ಬೀಳುವ ಒದೆತ ಕಡಿಮೆಯಾಗುವುದು ಹೀಗೆ. ಆದರೆ ಬಡಿದ ಅನಿಲ ಎಲ್ಲಾದರೂ ಹೋಗಬೇಕಲ್ವಾ? ಪಕ್ಕಕ್ಕೆ, ಕೆಲವು ಬ್ರೇಕ್‌ಗಳಲ್ಲಿ ಹಿಂದಕ್ಕೂ ಹಾರುತ್ತದೆ. ಸದ್ದೂ ಅದರ ಜೊತೆಗೇ ತಿರುಗುತ್ತದೆ. ಕಿಂಡಿ ಹಿಂದಕ್ಕೆ ವಾಲಿದಷ್ಟೂ ಭುಜಕ್ಕೆ ಸುಖ, ಕಿವಿಗೆ ಕಷ್ಟ.

ನನ್ನ ಕಥೆಯನ್ನೇ ಹೇಳುತ್ತೇನೆ. ಒಮ್ಮೆ ಚಾಪೆಯ ಮೇಲೆ ಮಲಗಿ ಗುರಿ ಇಡುತ್ತಿದ್ದೆ. ಎಡಕ್ಕೆ ಎರಡು ಮಾರು ದೂರದಲ್ಲಿ ಬ್ರೇಕ್ ಹಾಕಿದ ರೈಫಲ್. ಆತ ರೈಫಲ್ಲಿನ ಕುದುರೆ (ಟ್ರಿಗರ್) ಎಳೆದ. ನೆಲದ ಧೂಳೆಲ್ಲ ಎದ್ದು ನನ್ನ ಬಾಯಿಗೆ ಬಂತು, ಅಂಕ ಬರೆಯುವ ಕಾಗದ ಹಾರಿಹೋಯಿತು. ಅದಾದರೂ ಪರವಾಗಿಲ್ಲ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಯಾರೋ ಏನೋ ಕೇಳಿದರು. ಕೇಳಿಸಲಿಲ್ಲವೆಂದು ಕಿವಿ ಮುಚ್ಚುವ ಇಯರ್‌ಮಫ್‌ನ ಎಡಬದಿ ಎತ್ತಿದೆ. ಸರಿಯಾಗಿ ಅದೇ ಗಳಿಗೆಗೆ ಆತ ಇನ್ನೊಂದು ಹೊಡೆದ. ಮೂರು ದಿನ ಎಡಗಿವಿಯಲ್ಲಿ ಜೀರುಂಡೆ ಕೂತಿತ್ತು. ತಪ್ಪು ಆತನದಲ್ಲ, ನನ್ನದೇ.

ಲೆಕ್ಕ ಬೇಕೆಂದರೆ, ದೊಡ್ಡ ರೈಫಲ್ಲಿನ ಸದ್ದು ಹೊಡೆಯುವವರ ಕಿವಿಯ ಹತ್ತಿರ ಸುಮಾರು 160 ಡೆಸಿಬಲ್. ಬ್ರೇಕ್ ಹಾಕಿದರೆ 5ರಿಂದ 10 ಡೆಸಿಬಲ್ ಏರಬಹುದು. ಸುಮ್ನೆ ಐದಾರು ತಾನೇ ಅನ್ನಬೇಡಿ. 6 ಡೆಸಿಬಲ್ ಏರಿತೆಂದರೆ ಗಾಳಿಯ ಒತ್ತಡ ದುಪ್ಪಟ್ಟಾಯಿತು ಎಂದರ್ಥ. ಇಂಥ ಸಿಡಿತದಿಂದ ಕಿವಿ ಉಳಿಯಲು ಸಾಮಾನ್ಯವಾಗಿ ಹಾಕುವ ಗೆರೆ 140 ಡೆಸಿಬಲ್. ಬ್ರೇಕ್ ಇಲ್ಲದೆಯೂ ಅದನ್ನು ದಾಟಿ ಆಗಿದೆ! ತಲೆಯ ಮೇಲೆ ತಗಡಿನ ಮಾಡು, ಪಕ್ಕದಲ್ಲಿ ಗೋಡೆ ಇದ್ದರೆ ಸದ್ದು ತಿರುಗಿ ಬಂದು ಇನ್ನೊಮ್ಮೆ ಬಡಿಯುತ್ತದೆ.

ಆದ್ದರಿಂದ ಒಳಗೆ ಇಯರ್‌ಪ್ಲಗ್, ಮೇಲೆ ಇಯರ್‌ಮಫ್, ಎರಡೂ ಹಾಕಿ. ಒಂದೊಂದೂ ಇಷ್ಟು ಸದ್ದು ತಗ್ಗಿಸುತ್ತದೆ ಎನ್ನುವ ಅಂಕಿ ಇರುತ್ತದಲ್ಲ, ಎರಡರದ್ದೂ ಕೂಡಿಸಿದಷ್ಟು ಲಾಭ ಬರುವುದಿಲ್ಲ. ಒಂದರ ಮೇಲೆ ಇನ್ನೊಂದು ಹಾಕಿದರೆ ಹೆಚ್ಚಿಗೆ ಸಿಗುವುದು ಸುಮಾರು 5 ಡೆಸಿಬಲ್. ಬ್ರೇಕ್ ಪಕ್ಕದಲ್ಲಿ ಆ ಐದು ಬೇಕೇ ಬೇಕು. ಗೆಳೆಯ ಹೊಡೆಯುವಾಗ ಅವನ ಪಕ್ಕ ಬಿಟ್ಟು ನಾಲ್ಕಾರು ಹೆಜ್ಜೆ ಹಿಂದೆ ನಿಲ್ಲಿ.

ಪ್ರಶ್ನೆ: ಹಾಗಾದರೆ ಸೈಲೆನ್ಸರ್ ಹಾಕಿದರೆ ಸದ್ದೇ ಇರುವುದಿಲ್ಲವೇ?

ಉತ್ತರ: ಇರುತ್ತದೆ. ಅದು ಅನಿಲವನ್ನು ಒಳಗೇ ಹಿಡಿದು ತಣಿಸಿ ನಿಧಾನಕ್ಕೆ ಬಿಡುತ್ತದೆ. 20ರಿಂದ 30 ಡೆಸಿಬಲ್ ಇಳಿಯುತ್ತದೆ. ಆದರೆ ಗುಂಡು ಶಬ್ದಕ್ಕಿಂತ ವೇಗವಾಗಿ ಹೋಗುತ್ತಿದ್ದರೆ ದಾರಿಯುದ್ದಕ್ಕೂ ಚಾವಟಿ ಬೀಸಿದಂಥ ‘ಚಟಾರ್’ ಸದ್ದು ಮಾಡಿಕೊಂಡೇ ಹೋಗುತ್ತದೆ. ನಳಿಗೆಯ ತುದಿಗೆ ಏನು ಸಿಕ್ಕಿಸಿದರೂ ಅದು ನಿಲ್ಲುವುದಿಲ್ಲ. ಗುಂಡಿಯಲ್ಲಿ ಕೂತವರಿಗೆ ಹೆಚ್ಚಾಗಿ ಕೇಳುವುದು ಈ ಸದ್ದೇ, ಅವರಿಗೆ ವ್ಯತ್ಯಾಸ ಗೊತ್ತಾಗದ್ದೂ ಅದಕ್ಕೇ.