ಕ್ರೀಡಾಂಗಣಗಳಿಂದ ಜನರ ಆರೋಗ್ಯ ನಿಜಕ್ಕೂ ಸುಧಾರಿಸುತ್ತದೆಯೇ?

ಜನ ಕ್ರೀಡಾಂಗಣಕ್ಕೆ ಹೋಗಿ ಕೂತು ಪಂದ್ಯ ನೋಡಿ ಬರುತ್ತಾರೆ, ಅದರಿಂದ ಆರೋಗ್ಯ ಹೇಗೆ ಸುಧಾರಿಸೀತು ಎಂದು ಕೇಳಿದ್ದೀರಿ. ಸುಮ್ಮನೆ ಕೂತರೆ ಸುಧಾರಿಸುವುದಿಲ್ಲ. ಆದರೆ ಆ ಜಾಗದ ಮೇಲಿನ ಅಭಿಮಾನವನ್ನು ಬಳಸಿಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ಸ್ಕಾಟ್ಲೆಂಡ್ ಗಟ್ಟಿ ಉದಾಹರಣೆ.

ಅಲ್ಲಿನ 'ಫುಟ್‌ಬಾಲ್ ಫ್ಯಾನ್ಸ್ ಇನ್ ಟ್ರೈನಿಂಗ್' ಕಾರ್ಯಕ್ರಮ 35ರಿಂದ 65 ವರ್ಷದ, ತೂಕ ಹೆಚ್ಚಿರುವ ಗಂಡಸರಿಗಾಗಿ ಶುರುವಾಯಿತು. ವಾರಕ್ಕೊಮ್ಮೆಯಂತೆ 12 ವಾರ ಅವರು ತಮ್ಮ ನೆಚ್ಚಿನ ಕ್ಲಬ್ಬಿನ ಮೈದಾನಕ್ಕೇ ಬರುತ್ತಾರೆ. ಕ್ಲಬ್ಬಿನ ತರಬೇತುದಾರರು ವ್ಯಾಯಾಮ ಮಾಡಿಸುತ್ತಾರೆ, ಊಟ ಮತ್ತು ಕುಡಿತದ ಬಗ್ಗೆ ಮಾತಾಡುತ್ತಾರೆ. ಉಳಿದ ದಿನ ಹೆಜ್ಜೆ ಎಣಿಸುವ ಸಾಧನ ಕಟ್ಟಿಕೊಂಡು ನಡಿಗೆ.

13 ಕ್ಲಬ್ಬುಗಳಲ್ಲಿ 747 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2014ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಒಂದು ವರ್ಷದ ನಂತರ, ಕಾರ್ಯಕ್ರಮಕ್ಕೆ ಸೇರಲು ಇನ್ನೂ ಕಾಯುವ ಪಟ್ಟಿಯಲ್ಲಿದ್ದವರಿಗಿಂತ ಸೇರಿದವರ ತೂಕ ಸರಾಸರಿ ಸುಮಾರು 5 ಕಿಲೋ ಹೆಚ್ಚು ಇಳಿದಿತ್ತು. ವರ್ಷ ಕಳೆದ ಮೇಲೂ ಉಳಿದ ಇಳಿಕೆ ಇದು. ನನಗೆ ದೊಡ್ಡದಾಗಿ ಕಾಣುವುದು ಅದೇ.

ಕಾರಣ ಜಾಗದಲ್ಲೇ ಇದೆ. ತೂಕ ಇಳಿಸುವ ಶಿಬಿರಕ್ಕೆ ಹೋಗಲು ನಾಚುವ ಗಂಡಸು, ತನ್ನ ತಂಡದ ಮೈದಾನಕ್ಕೆ ಎದೆಯುಬ್ಬಿಸಿ ಬರುತ್ತಾನೆ. ಪಕ್ಕದಲ್ಲಿರುವವರೂ ತನ್ನಂಥವರೇ, ಅದೇ ಹೊಟ್ಟೆ, ಅದೇ ತಂಡದ ಹುಚ್ಚು. ಸಂಕೋಚ ಅಲ್ಲಿಗೇ ಕರಗುತ್ತದೆ. ಇದೇ ಮಾದರಿಯನ್ನು ಆಮೇಲೆ ಇಂಗ್ಲೆಂಡ್, ನೆದರ್ಲೆಂಡ್ಸ್, ನಾರ್ವೆ, ಪೋರ್ಚುಗಲ್‌ನ ಕ್ಲಬ್ಬುಗಳಲ್ಲೂ ಒರೆಗೆ ಹಚ್ಚಿದರು.

ಒಂದು ಎಚ್ಚರಿಕೆ: ಮೈದಾನದೊಳಗೆ ಪಾಠ ಹೇಳಿ, ಹೊರಗಿನ ಅಂಗಡಿಯಲ್ಲಿ ಕರಿದ ತಿಂಡಿ, ತಂಪು ಪಾನೀಯ ಬಿಟ್ಟು ಬೇರೇನೂ ಸಿಗದಿದ್ದರೆ ಅರ್ಧ ಶ್ರಮ ಅಲ್ಲೇ ಸೋರಿಹೋಗುತ್ತದೆ.