ಹದಿಹರೆಯದ ಮಗಳ ಜೊತೆ ಅಪ್ಪ ಒಬ್ಬನೇ ಪ್ರವಾಸ ಹೋಗಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮಗಳು ಒಂಬತ್ತನೇ ಕ್ಲಾಸು, ಮೊದಲಿನ ಹಾಗೆ ಮಾತಾಡುತ್ತಿಲ್ಲ. ನೀವಿಬ್ಬರೇ ಎರಡು ಮೂರು ದಿನ ಎಲ್ಲಾದರೂ ಹೋಗಿ ಬರೋಣ ಅಂತ ನಿಮಗಿದೆ. "ಹೋದರೆ ಎಲ್ಲರೂ ಹೋಗೋಣ, ಚಿಕ್ಕವನು ಏನು ಮಾಡಿದ ಪಾಪ?" ಅಂತ ಮನೆಯವರು ಕೇಳುತ್ತಿದ್ದಾರೆ. ಹೋಗುವುದು ಸರಿಯಾ, ಬೆಂಗಳೂರಿನಿಂದ ಎಲ್ಲಿಗೆ ಹೋದರೆ ಚೆನ್ನ ಅನ್ನುವುದು ಪ್ರಶ್ನೆ.

ಹೋಗಿ. ನನ್ನ ಮಗಳು ಇದೇ ವಯಸ್ಸಿನಲ್ಲಿದ್ದಾಗ ನಾವಿಬ್ಬರೇ ಹಂಪಿಗೆ ಹೋಗಿದ್ದೆವು. ಊರು ಯಾವುದು ಅನ್ನೋದು ಆಮೇಲಿನ ಮಾತು. ಮೊದಲು ಒಂದು ಕೆಲಸ ಮಾಡಿ: ಖರ್ಚಿನ ದುಡ್ಡನ್ನು ಅವಳ ಕೈಗೆ ಕೊಡಿ. ಊಟ, ಬಸ್ಸು, ಆಟೋ, ಚಹಾ, ಎಲ್ಲದಕ್ಕೂ ಸೇರಿಸಿ ಇಷ್ಟು, ಇದರಲ್ಲೇ ಮುಗಿಯಬೇಕು ಅಂತ ಹೇಳಿಬಿಡಿ. ರೈಲು ಟಿಕೆಟ್ ಮತ್ತು ರೂಮು ಮಾತ್ರ ನಿಮ್ಮ ಲೆಕ್ಕ. ಆಮೇಲೆ ಬಾಯಿ ಮುಚ್ಚಿಕೊಂಡು ಅವಳ ಹಿಂದೆ ನಡೆಯಿರಿ. ಮಾತು ಬರಬೇಕು ಅಂದರೆ ಇದರಷ್ಟು ಒಳ್ಳೆಯ ದಾರಿ ನನಗೆ ಬೇರೆ ಕಂಡಿಲ್ಲ. ಯಾಕೆಂದರೆ ದುಡ್ಡು ಅವಳ ಹತ್ತಿರ ಇದ್ದಾಗ ಅವಳೇ ನಿಮ್ಮನ್ನು ಕೇಳಬೇಕಾಗುತ್ತದೆ, "ಅಪ್ಪ, ಮಧ್ಯಾಹ್ನ ಊಟ ಮಾಡ್ತೀಯಾ, ಇಲ್ಲಾ ಎಳನೀರು ಸಾಕಾ?" ಮನೆಯಲ್ಲಿ ಪ್ರಶ್ನೆ ಕೇಳುವವರು ಯಾವಾಗಲೂ ನಾವೇ ಅಲ್ವಾ? ಓದಿದೆಯಾ, ತಿಂದೆಯಾ, ಯಾರ ಫೋನು? ಅದು ತಿರುಗಬೇಕು.

ಹೊಸಪೇಟೆ ಸ್ಟೇಷನ್ನಿನ ಹೊರಗೆ ಆಗಿದ್ದು ಇದೇ. ಆಟೋದವರು ಸುತ್ತ ಸೇರಿಕೊಂಡರು. "ಹಂಪಿಗೇನ್ರಿ ಸರ? ಇಡೀ ದಿನ ಎಲ್ಲಾ ತೋರಸ್ತೀನಿ, ಬರ್ರಿ" ಅಂತ ಒಬ್ಬರು ನನ್ನ ಕೈಯ ಬ್ಯಾಗಿಗೇ ಕೈ ಹಾಕಿದರು. "ಆಕೀನ್ನ ಕೇಳ್ರಿ, ರೊಕ್ಕ ಆಕೀ ಹತ್ರ ಐತಿ" ಅಂದೆ, ನನಗೆ ಬರುವಷ್ಟು ಆ ಕಡೆಯ ಭಾಷೆಯಲ್ಲಿ. ಬೆಂಗಳೂರಿನಲ್ಲಿ ಮೊಬೈಲಿನಲ್ಲಿ ಆಟೋ ಕರೆದು, ಅದರಲ್ಲಿ ಬಂದಷ್ಟು ಕೊಟ್ಟು ಅಭ್ಯಾಸವಾದ ಹುಡುಗಿ. ಚೌಕಾಸಿ ಅಂದರೆ ಏನು ಅಂತಲೇ ಗೊತ್ತಿಲ್ಲ. ಅವರು ಹೇಳಿದ ರೇಟು ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಆಮೇಲೆ ನನ್ನ ಕಡೆ ನೋಡದೇ, "ಬೇಡ ಅಂಕಲ್, ನಾವು ಬಸ್ಸಲ್ಲಿ ಹೋಗ್ತೀವಿ" ಅಂದಳು. ಹಂಪಿ ಅಲ್ಲಿಂದ ಹದಿಮೂರು ಕಿಲೋಮೀಟರ್, ಬಸ್ಸುಗಳು ಬೇಕಾದಷ್ಟಿವೆ. ಬಸ್ಸಿನಲ್ಲಿ ಕೂತ ಮೇಲೆ ಎಷ್ಟು ಉಳಿಯಿತು ಅಂತ ಲೆಕ್ಕ ಹಾಕಿ ತೋರಿಸಿದಳು. ಮನೆ ಬಿಟ್ಟ ಮೇಲೆ ಅವಳಾಗಿಯೇ ಆಡಿದ ಮೊದಲ ಉದ್ದದ ಮಾತು ಅದು.

ಉಳಿದ ದುಡ್ಡು ಎಲ್ಲಿ ಹೋಯಿತು ಅಂತೀರಾ? ದೇವಸ್ಥಾನದ ಹತ್ತಿರ ಲಂಬಾಣಿ ಹೆಂಗಸರು ಕನ್ನಡಿ ಕೂರಿಸಿದ ಕಸೂತಿ ಚೀಲ ಮಾರುತ್ತಾರೆ. ಅದಕ್ಕೆ ಹೋಯಿತು. ನನ್ನ ಪ್ರಕಾರ ಜಾಸ್ತಿಯೇ ಕೊಟ್ಟಳು, ಆದರೆ ಹೇಳಲಿಲ್ಲ. ಕೊನೆಯ ದಿನ ಹೋಟೆಲ್ ಊಟಕ್ಕೆ ಸಾಲದೇ ಹೊಸಪೇಟೆಯಲ್ಲಿ ಒಗ್ಗರಣೆ ಮಿರ್ಚಿ ತಿಂದೆವು. ಮಂಡಕ್ಕಿ ಒಗ್ಗರಣೆ, ಜೊತೆಗೆ ಬಿಸಿ ಮೆಣಸಿನಕಾಯಿ ಬಜ್ಜಿ. ನನಗಂತೂ ಊಟಕ್ಕಿಂತ ಅದೇ ಇಷ್ಟವಾಯಿತು. ದುಡ್ಡು ಮುಗಿದಾಗ ನಡುವೆ ನೀವು ಪರ್ಸು ತೆಗೆಯಬಾರದು. ತೆಗೆದರೆ ಅಲ್ಲಿಗೆ ಆಟ ಮುಗಿಯಿತು. ಔಷಧಿ, ಆಸ್ಪತ್ರೆ ಅಂತಾದರೆ ಬೇರೆ ಮಾತು, ಅದಕ್ಕೆ ನಿಮ್ಮ ಹತ್ತಿರ ಇಟ್ಟುಕೊಂಡಿರಿ.

ಇನ್ನು ನಿಮ್ಮ ಮನೆಯವರ ಮಾತು. ನಾಲ್ಕೂ ಜನ ಹೋದರೆ ಅಲ್ಲೂ ಮನೆಯ ಹಾಗೇ. ಚಿಕ್ಕವನಿಗೆ ಹಸಿವು, ದೊಡ್ಡವಳಿಗೆ ಸಿಟ್ಟು, ನೀವಿಬ್ಬರು ನಡುವೆ ಪಂಚಾಯಿತಿ. ಮಗಳು ಅಲ್ಲೂ ಅಕ್ಕನೇ ಆಗಿರಬೇಕು. ಚಿಕ್ಕವನಿಗೆ ಅನ್ಯಾಯ ಅನಿಸಿದರೆ ಅದೇ ವಾರ ಅಮ್ಮ ಮಗ ಇಬ್ಬರೇ ಬೇರೆ ಕಡೆ ಹೋಗಲಿ. ನಮ್ಮ ಮನೆಯಲ್ಲಿ ಅವರು ಮೈಸೂರಿಗೆ ಹೋಗಿ, ಮೃಗಾಲಯ ನೋಡಿ, ನಮಗಿಂತ ಖುಷಿಯಾಗಿ ಬಂದರು.

ಹಂಪಿಯೇ ಯಾಕೆ ಅಂದರೆ, ರಾತ್ರಿ ರೈಲು ಇದೆ. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತರ ಹೊತ್ತಿಗೆ ಬೆಂಗಳೂರು ಬಿಟ್ಟು ಬೆಳಗ್ಗೆ ಹೊಸಪೇಟೆ ಮುಟ್ಟುತ್ತದೆ. ಸೈಡ್ ಲೋಯರ್, ಸೈಡ್ ಅಪ್ಪರ್ ಎರಡೂ ಸಿಕ್ಕರೆ ಬಿಡಬೇಡಿ. ಎದುರು ಬೇರೆ ಯಾರೂ ಕೂರುವುದಿಲ್ಲ. ಬುಕಿಂಗ್ ಈಗ 60 ದಿನ ಮೊದಲು ಶುರುವಾಗುತ್ತದೆ, ದಸರಾ ರಜೆಗಾದರೆ ಆ ದಿನವೇ ಕೂತು ಮಾಡಿ. ಬೇಸಿಗೆ ರಜೆಯಲ್ಲಿ ಮಾತ್ರ ಹಂಪಿ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಆ ಬಂಡೆಗಳು ಕಾದು ಮಧ್ಯಾಹ್ನ ಹೊರಗೆ ಕಾಲಿಡಲು ಆಗುವುದಿಲ್ಲ. ಇಬ್ಬರೂ ಸಿಡಿಮಿಡಿ ಮಾಡಿಕೊಂಡು ವಾಪಸ್ ಬರುತ್ತೀರಿ.

ಅಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತದೆ. ಎಲ್ಲಾ ನೋಡಿ ಮುಗಿಸಬೇಕು ಅನ್ನುವ ಹಟ ಬೇಡ. ಬೆಳಗ್ಗೆ ಒಂದು, ಸಂಜೆ ಒಂದು ಜಾಗ ಸಾಕು. ವಿಜಯ ವಿಠ್ಠಲ ದೇವಸ್ಥಾನದಲ್ಲಿ ತೆಗೆದುಕೊಂಡ ಟಿಕೆಟ್ ಅದೇ ದಿನ ಕಮಲ ಮಹಲ್, ಆನೆ ಲಾಯದ ಕಡೆಗೂ ನಡೆಯುತ್ತದೆ, ಎಸೆಯಬೇಡಿ. 15 ವರ್ಷದೊಳಗಿನವರಿಗೆ ಟಿಕೆಟ್ ಬೇಕಿಲ್ಲ. ಖಜಾಂಚಿಗೆ ಇದು ತಿಳಿದಾಗ ಆದ ಖುಷಿ ಕಲ್ಲಿನ ರಥ ನೋಡಿದಾಗಲೂ ಆಗಲಿಲ್ಲ. ಆ ರಥ 50 ರೂಪಾಯಿ ನೋಟಿನ ಮೇಲಿದೆಯಲ್ಲ, ನೋಟು ತೆಗೆದು ಹಿಡಿದು ಫೋಟೋ ಹೊಡೆದುಕೊಂಡಳು, ಅಷ್ಟೇ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಪಾಠ ಮಾಡಬೇಡಿ. ವಿರೂಪಾಕ್ಷ ದೇವಸ್ಥಾನದ ಹಿಂದಿನ ಕತ್ತಲೆ ಕೋಣೆಯಲ್ಲಿ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಎದುರಿನ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ, ಬೆಳಕು ಅಲ್ಲಿಂದ ಬರುತ್ತದೆ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ "ಪಿನ್‌ಹೋಲ್ ಕ್ಯಾಮೆರಾ, ಗೊತ್ತಪ್ಪ" ಅಂದುಬಿಟ್ಟಳು. ಆಮೇಲೆ ಪಕ್ಕದಲ್ಲಿದ್ದ ಒಬ್ಬ ಅಜ್ಜಿಗೆ ಅವಳೇ ಕೈ ಆಡಿಸಿ ವಿವರಿಸಿದಳು. ಅಜ್ಜಿ "ಎಲ್ಲಾ ಅವನ ಮಹಿಮಾ ಬಿಡವ್ವ" ಅಂದು ಕೈ ಮುಗಿದರು.

ಹಾಗೆಯೇ ಸೈನ್ಸಾ ಕಾಮರ್ಸಾ ಅನ್ನುವ ಮಾತನ್ನು ರೈಲಿನಲ್ಲಿ ತೆಗೆಯಬೇಡಿ. ಅವಳ ಮೊಬೈಲ್ ಕಿತ್ತುಕೊಳ್ಳಬೇಡಿ, ನಿಮ್ಮ ಆಫೀಸ್ ಫೋನ್ ಆಫ್ ಮಾಡಿ. ಅವಳಿಗೆ ಹೇಳದೇ ಅವಳ ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ. ದೊಡ್ಡ ಗುಟ್ಟೇನೋ ಹೊರಬರುತ್ತದೆ ಅಂತ ಕಾಯಬೇಡಿ. ನನಗೆ ಸಿಕ್ಕಿದ್ದು ಕ್ಲಾಸಿನಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟರು ಅನ್ನುವ ಉದ್ದದ ಕಥೆ. "ಆಮೇಲೆ?" ಅಂತ ಕೇಳುತ್ತಾ ಹೋದೆ. ಹೆಸರುಗಳು ಈಗಲೂ ಕಲಸಿಹೋಗುತ್ತವೆ. ಆ ಕಥೆಯನ್ನು ಮನೆಗೆ ಬಂದು ಊಟಕ್ಕೆ ಕೂತಾಗ ಎಲ್ಲರ ಮುಂದೆ ತೆಗೆಯಬಾರದು, ಹೆಂಡತಿ ಎಷ್ಟು ಕೆದಕಿದರೂ.

ಅಪ್ಪ ಮಗಳು ಅಂದಾಗ ಕೆಲವು ಕೆಲಸಗಳಿವೆ. ಇಬ್ಬರ ಆಧಾರ್ ಕಾರ್ಡೂ ಇರಲಿ. ಲಾಡ್ಜಿನವರು ಒಂದು ಥರ ನೋಡಬಹುದು, ನೋಡುವುದು ಒಳ್ಳೆಯದೇ, ಬೇಜಾರು ಮಾಡಿಕೊಳ್ಳಬೇಡಿ. ಅವಳ ಕಾರ್ಡಿನಲ್ಲಿ ನಿಮ್ಮ ಹೆಸರಿದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಎರಡು ಬೇರೆ ಬೇರೆ ಮಂಚದ ರೂಮ್ ಬೇಕು ಅಂತ ಫೋನಿನಲ್ಲೇ ಹೇಳಿ. ಪ್ಯಾಡ್ ಅವಳ ಬ್ಯಾಗಿನಲ್ಲಿ ಇರುತ್ತದೆ, ಆದರೂ ನಿಮ್ಮ ಬ್ಯಾಗಿನಲ್ಲೂ ಒಂದು ಪ್ಯಾಕೆಟ್ ಇಡಿ, ಇಟ್ಟಿದ್ದೇನೆ ಅಂತ ಒಂದು ಸಲ ಹೇಳಿ, ಮತ್ತೆ ಆ ಮಾತು ಬೇಡ. ಹಾಳು ಮಂಟಪಗಳ ನಡುವೆ ಟಾಯ್ಲೆಟ್ ಹುಡುಕುವುದು ಕಷ್ಟ. ಟಿಕೆಟ್ ಕೊಡುವ ಜಾಗಗಳಲ್ಲೇ ಮುಗಿಸಿಕೊಂಡು ಮುಂದೆ ಹೋಗಿ.

ಇಷ್ಟು ದೂರಕ್ಕೆ ಮನೆಯವರು ಒಪ್ಪದಿದ್ದರೆ ಒಂದು ದಿನಕ್ಕೆ ಶ್ರವಣಬೆಳಗೊಳಕ್ಕೆ ಹೋಗಿ ಬನ್ನಿ. 2017ರಿಂದ ಬೆಂಗಳೂರು ಹಾಸನ ರೈಲು ಆ ದಾರಿಯಲ್ಲೇ ಹೋಗುತ್ತದೆ. ವಿಂಧ್ಯಗಿರಿಗೆ ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಬರಿಗಾಲಲ್ಲಿ ಹತ್ತಬೇಕು, ಬಿಸಿಲೇರುವ ಮೊದಲು ಇಳಿಯುವ ಹಾಗೆ ನೋಡಿಕೊಳ್ಳಿ. ದುಡ್ಡು ಅಲ್ಲೂ ಅವಳ ಕೈಯಲ್ಲೇ.

ಹಂಪಿಯಿಂದ ವಾಪಸ್ ಬರುವ ರಾತ್ರಿ ರೈಲು ಬೆಳಗ್ಗೆ ಬೆಂಗಳೂರು ಮುಟ್ಟುತ್ತದೆ. ಅವತ್ತು ಅವಳನ್ನು ಸ್ಕೂಲಿಗೆ ಕಳಿಸಬೇಡಿ, ನೀವೂ ಆಫೀಸಿಗೆ ರಜೆ ಹಾಕಿ.