ವರ್ಕ್‌ವೇರ್ ವೇಸ್ಟ್‌ಕೋಟ್: ಕ್ಯಾನ್ವಾಸಾ, ಮೋಲ್‌ಸ್ಕಿನ್ನಾ?

ಹಳೇ ಕಾರ್ಮಿಕರ ಉಡುಪಿನ ಮಾದರಿಯಲ್ಲಿ ವೇಸ್ಟ್‌ಕೋಟ್ ಹೊಲಿಸಬೇಕು, ದಿನಾ ಅಂಗಿ ಮೇಲೆ ಹಾಕಬೇಕು, ಕ್ಯಾನ್ವಾಸ್ ತಗೊಳ್ಳಲಾ ಮೋಲ್‌ಸ್ಕಿನ್ ತಗೊಳ್ಳಲಾ ಅಂತ ಕೇಳಿದ್ದೀರಿ. ನನ್ನ ಓಟು ಮೋಲ್‌ಸ್ಕಿನ್‌ಗೆ. ಒತ್ತಾಗಿ ನೇಯ್ದು, ಒಂದು ಮಗ್ಗುಲನ್ನು ಉಜ್ಜಿ ಮೆತ್ತಗೆ ಮಾಡಿದ ಹತ್ತಿ ಬಟ್ಟೆ ಅದು. ಗಾಳಿ ಸುಲಭವಾಗಿ ನುಗ್ಗುವುದಿಲ್ಲ. ಫ್ರಾನ್ಸಿನ ಕಾರ್ಮಿಕರ ನೀಲಿ ಕೋಟುಗಳಿಗೆ ಇದನ್ನು ಬಳಸುತ್ತಿದ್ದದ್ದು ಸುಮ್ನೆ ಅಲ್ಲ. ಕ್ಯಾನ್ವಾಸ್ ಗಟ್ಟಿ, ನಿಜ. ಆದರೆ ದಪ್ಪದ್ದಾದರೆ ಮೊದಮೊದಲು ಹಲಗೆ ಥರ ಸೆಟೆದುಕೊಂಡಿರುತ್ತದೆ, ಕೂತರೆ ಮುಂಭಾಗ ಮೇಲೆದ್ದು ನಿಲ್ಲುತ್ತದೆ.

ಬಟ್ಟೆಗಿಂತ ಜಾಸ್ತಿ ಗಮನ ಜೇಬಿನ ಮೇಲಿರಲಿ. ಮೊದಲು ಕಿತ್ತುಬರುವುದು ಜೇಬಿನ ಮೂಲೆಗಳೇ ಅಲ್ವಾ? ಪ್ಯಾಂಟಿನಲ್ಲಿ ಇದೇ ತೊಂದರೆಗೆ ಅಮೆರಿಕದ ದರ್ಜಿ ಜೇಕಬ್ ಡೇವಿಸ್ ಲೋಹದ ರಿವೆಟ್, ಅಂದರೆ ಗುಂಡಿಯಂಥ ಚಿಕ್ಕ ಮೊಳೆ, ಹಾಕಿದರು. 1873ರಲ್ಲಿ ಅವರಿಗೂ ಜೀನ್ಸ್‌ಗೆ ಹೆಸರಾದ ಲೆವಿ ಸ್ಟ್ರಾಸ್ ಕಂಪನಿಗೂ ಅದರ ಪೇಟೆಂಟ್ ಸಿಕ್ಕಿತು. ನಿಮಗೆ ರಿವೆಟ್ ಬೇಡ, ಮೇಜು ಕುರ್ಚಿಗೆ ಗೀರು ಬೀಳುತ್ತದೆ. ಮೂಲೆಗಳಲ್ಲಿ ಬಾರ್‌ಟ್ಯಾಕ್ ಸಾಕು, ಅಂದರೆ ಒಂದೇ ಜಾಗದಲ್ಲಿ ಒತ್ತೊತ್ತಾಗಿ ಹಾಕುವ ಅಡ್ಡ ಹೊಲಿಗೆ. ಜೇಬಿನ ಬಾಯಿಯ ಹಿಂದೆ ಒಳಗಡೆಯಿಂದ ಇನ್ನೊಂದು ಪದರ ಬಟ್ಟೆ ಕೊಡಿಸಿ. ಪೆನ್ನು, ಅಳತೆ ಟೇಪು ಇಟ್ಟರೂ ಜೋತುಬೀಳುವುದಿಲ್ಲ.

ಬೆನ್ನಿಗೆ ಮಾತ್ರ ನುಣುಪು ಲೈನಿಂಗ್ ಬಟ್ಟೆ ದಯವಿಟ್ಟು ಬೇಡ. ಮೇಲೆ ಹಾಕುವ ಸೂಟಿನ ಕೋಟು ಸಲೀಸಾಗಿ ಜಾರಲಿ ಅಂತ ಅದನ್ನು ಹಾಕುವುದು. ನಿಮ್ಮದರ ಮೇಲೆ ಕೋಟು ಬರುವುದಿಲ್ಲ, ಬೆನ್ನು ಪೂರ್ತಿ ಕಾಣುತ್ತದೆ. ಮುಂದಿನ ಬಟ್ಟೆಯನ್ನೇ ಹಿಂದೆಯೂ ಹಾಕಿಸಿ, ಬಿಗಿ ಮಾಡಲು ಬಕಲ್ ಪಟ್ಟಿ ಇರಲಿ.

ಹಾಂ, ಕತ್ತರಿ ಹಾಕುವ ಮೊದಲು ಬಟ್ಟೆಯನ್ನು ಒಮ್ಮೆ ಒಗೆದು ಒಣಗಿಸಿ. ಹತ್ತಿ ಕುಗ್ಗುತ್ತದೆ.